ಜೈಲು ಎಲ್ಲಿ ಕಟ್ಟಬೇಕು? ಕೋಲಾರದ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯ ಮೇಷ್ಟರಿಗೆ ನಮಸ್ಕಾರಗಳು.

ಹೊಸ ಕಾರಾಗೃಹಕ್ಕೆ ನಿಮ್ಮೂರಿನ ಗೋಮಾಳವನ್ನು ಗುರುತಿಸುವ ಮಾತು ನಡೆದಿದೆಯೆಂದೂ, ಗ್ರಾಮಸಭೆಯಲ್ಲಿ ನೀವು ಅದನ್ನು ವಿರೋಧಿಸಿದ್ದೀರೆಂದೂ, ಪತ್ರಿಕೆ ನಿಮ್ಮ ಬೆಂಬಲಕ್ಕೆ ನಿಲ್ಲಬೇಕೆಂದೂ ಬರೆದ ನಿಮ್ಮ ಪತ್ರ ತಲುಪಿದೆ. ಊರಿನ ಹೆಸರು ಅಚ್ಚಾಗುವುದು ಬೇಡವೆಂದು ಕೋರಿರುವುದರಿಂದ ಕೋಲಾರ ತಾಲ್ಲೂಕು ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ. ಜೈಲು ಬಂದರೆ ಹೆಣ್ಣುಮಕ್ಕಳು ಶಾಲೆಗೆ ಓಡಾಡುವುದು ಕಷ್ಟವಾಗುತ್ತದೆ, ಊರಿಗೆ ಹೆಣ್ಣು ಕೊಡುವವರು ಹಿಂದೇಟು ಹಾಕುತ್ತಾರೆ, ಜಮೀನಿನ ಬೆಲೆ ಬಿದ್ದುಹೋಗುತ್ತದೆ, ದನ ಮೇಯಿಸಲು ಜಾಗವಿಲ್ಲದಂತಾಗುತ್ತದೆ ಎಂಬುದು ನಿಮ್ಮ ಆಕ್ಷೇಪ. ಶ್ರೀನಿವಾಸಪುರ ತಾಲ್ಲೂಕಿನ ಗಡಿಯ ಕಡೆ ಜನವಸತಿಯಿಲ್ಲದ ಗುಡ್ಡದ ಬುಡದಲ್ಲಿ ಅದನ್ನು ಕಟ್ಟಲಿ ಎಂಬುದು ನಿಮ್ಮ ಸಲಹೆ.

ಈ ಸಲಹೆಯನ್ನು ನಾನು ಒಪ್ಪಲಾರೆ. ಅಪರಾಧ ಮಾಡಿ ಶಿಕ್ಷೆ ಅನುಭವಿಸುತ್ತಿರುವವರೇ ಜೈಲಿನ ತುಂಬ ಇರುತ್ತಾರೆಂದು ಭಾವಿಸಿ ನೀವು ಅದನ್ನು ಬರೆದಂತಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯ ಪ್ರಕಾರ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ ನೂರಕ್ಕೆ ಸುಮಾರು 76 ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ತಪ್ಪಿತಸ್ಥರೆಂದು ಯಾವ ನ್ಯಾಯಾಲಯವೂ ಇನ್ನೂ ಹೇಳದವರು. ಮ್ಯಾಜಿಸ್ಟ್ರೇಟರು ಒಮ್ಮೆಗೆ 15 ದಿನಕ್ಕಿಂತ ಹೆಚ್ಚು ನ್ಯಾಯಾಂಗ ಬಂಧನಕ್ಕೆ ಒಪ್ಪಿಸುವಂತಿಲ್ಲವಾದ್ದರಿಂದ ಈ ಜನರ ಬದುಕೆಲ್ಲ ವಾಯಿದೆಯಿಂದ ವಾಯಿದೆಗೆ ಸಾಗುತ್ತದೆ. ಬಂಧನದ ಅವಧಿ ವಿಸ್ತರಿಸುವ ಕೆಲಸ ಈಗ ವಿಡಿಯೊ ಮೂಲಕ ನಡೆಯುತ್ತದೆ ನಿಜ. ಆದರೆ ಸಾಕ್ಷಿಯ ವಿಚಾರಣೆಯ ಹೊತ್ತಿಗೆ ಆರೋಪಿ ಕೋರ್ಟಿನಲ್ಲಿದ್ದು ತನ್ನ ವಕೀಲರ ಕಿವಿಯಲ್ಲಿ ಒಂದು ಮಾತು ಹೇಳಲು ಸಾಧ್ಯವಾಗಬೇಕಾದರೆ ಅವನನ್ನು ಕರೆತರಲು ಪೊಲೀಸರೂ ಬೇಕು, ವ್ಯಾನೂ ಬೇಕು. ಬಂದೋಬಸ್ತಿನ ದಿನ ಬೆಂಗಾವಲು ಸಿಗದೆ ವಾಯಿದೆ ಮುಂದಕ್ಕೆ ಹೋಯಿತೆಂದರೆ ಅಷ್ಟು ದಿನ ಅವನು ಒಳಗೇ ಇರಬೇಕಾಗುತ್ತದೆ, ಮತ್ತು ಜೈಲು ಕೋರ್ಟಿನಿಂದ ದೂರವಾದಷ್ಟೂ ಹೀಗಾಗುವ ಸಂಭವ ಹೆಚ್ಚುತ್ತದೆ.

ಒಳಗಿರುವವನ ಮನೆಯವರ ಪಾಡನ್ನೂ ನೋಡಿ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಯ ಕೂಲಿ ಹೆಂಗಸೊಬ್ಬಳು ಮಗನನ್ನು ನೋಡಲು ಹೊರಟಳೆಂದು ಇಟ್ಟುಕೊಳ್ಳಿ. ಒಂದು ಬಸ್ಸಿನಲ್ಲಿ ಬಂಗಾರಪೇಟೆ, ಇನ್ನೊಂದರಲ್ಲಿ ಕೋಲಾರ. ಕೈಚೀಲದಲ್ಲಿ ಒಗೆದ ಬಟ್ಟೆ, ಎರಡು ಪೊಟ್ಟಣ ಬಿಸ್ಕತ್ತು, ಆಧಾರ್ ಕಾರ್ಡಿನ ಜೆರಾಕ್ಸ್. ನೀವು ಹೇಳುವ ಜಾಗಕ್ಕಾದರೆ ಅಲ್ಲಿಂದ ಮುಂದೆ ಶ್ರೀನಿವಾಸಪುರದ ಬಸ್ಸು ಹತ್ತಿ, ಇಳಿದು, ಬಂದರೆ ಬಂತು ಎನ್ನುವ ಇನ್ನೊಂದು ವಾಹನಕ್ಕೆ ಕಾಯಬೇಕು. ಗೇಟಿನ ಬಳಿ ಹೆಸರು ಬರೆಸುವ ಹೊತ್ತು ಮೀರಿದ್ದರೆ ಸಂದರ್ಶನ ಇಲ್ಲ, ಆ ದಿನದ ಕೂಲಿಯೂ ಇಲ್ಲ. ಗುಡ್ಡದ ಬುಡ ನಿಮಗೂ ನನಗೂ ಅನುಕೂಲವೇ. ಅದರ ಖರ್ಚು ಬೀಳುವುದು ಈಕೆಯ ಮೇಲೆ.

ಇನ್ನು ನಿಮ್ಮ ಭಯಗಳು. ಬೆಂಗಳೂರಿನ ನಡುವೆ ಇದ್ದ ಸೆಂಟ್ರಲ್ ಜೈಲು ಇಂದು ಸ್ವಾತಂತ್ರ್ಯ ಉದ್ಯಾನವಾಗಿದೆ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದುದೂ ಅಲ್ಲಿಯೇ. ಊರಾಚೆಗಿರಲಿ ಎಂದು ಜೈಲನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದರೆ ಬೆಂಗಳೂರೇ ಅದನ್ನು ಹುಡುಕಿಕೊಂಡು ಹೋಯಿತು. ಗೋಡೆಯ ಸುತ್ತಮುತ್ತ ಅಪಾರ್ಟ್‌ಮೆಂಟುಗಳು ಎದ್ದವು, ಸೈಟಿನ ಬೆಲೆ ಬಿದ್ದ ಹಾಗೆ ಕಾಣುವುದಿಲ್ಲ. ನಮಗೆ ಇನ್ನೂ ಹತ್ತಿರದಲ್ಲಿ, ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ, ಕೈದಿಗಳು ಬೇಸಾಯ ಮಾಡುವ ಬಯಲು ಬಂದೀಖಾನೆ ದಶಕಗಳಿಂದ ಹಳ್ಳಿಗಳ ಮಗ್ಗುಲಲ್ಲೇ ಇದೆ. ಹೆಣ್ಣು ಕೊಡುವ ವಿಚಾರಕ್ಕೆ ಬಂದರೆ, ನಮ್ಮ ಜಿಲ್ಲೆಯಲ್ಲಿ ಬೀಗರು ಮೊದಲು ಕೇಳುವುದು ಬೋರ್‌ವೆಲ್‌ನಲ್ಲಿ ನೀರಿದೆಯೇ ಎಂದು. ಜೈಲಿನ ಪ್ರಶ್ನೆ ಬಂದರೂ ಆಮೇಲೆ ಬಂದೀತು.

ನೀವು ಬರೆಯದ ಒಂದು ತೊಂದರೆ ಮಾತ್ರ ನಿಜವಾದದ್ದು. ಕೈದಿಗಳ ಮೊಬೈಲ್ ಬಳಕೆ ತಡೆಯಲು ಪರಪ್ಪನ ಅಗ್ರಹಾರದಲ್ಲಿ ಹಾಕಿದ ಜಾಮರಿನಿಂದಾಗಿ ತಮ್ಮ ಮನೆಗಳಲ್ಲೂ ಸಿಗ್ನಲ್ ಹೋಗುತ್ತಿದೆಯೆಂದು ಸುತ್ತಲಿನ ನಿವಾಸಿಗಳು ದೂರಿದ್ದಾರೆ. ಜೈಲು ಎಲ್ಲಿ ಬಂದರೂ ಈ ಪ್ರಶ್ನೆಯನ್ನು ಮೊದಲೇ ಕೇಳಿ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.

ನಿಮ್ಮ ಪತ್ರದ ನಿಜವಾದ ಬಲ ಇರುವುದು ನೀವು ಒಂದೇ ಸಾಲಿನಲ್ಲಿ ಹೇಳಿ ದಾಟಿಬಿಟ್ಟ ಗೋಮಾಳದ ವಿಷಯದಲ್ಲಿ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 71ನೇ ಕಲಮಿನಂತೆ ಇಂಥ ಉದ್ದೇಶಕ್ಕೆ ಕಾಯ್ದಿರಿಸಿದ ಜಮೀನನ್ನು ಜಿಲ್ಲಾಧಿಕಾರಿಗಳ ಮಂಜೂರಾತಿಯಿಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ. 1966ರ ನಿಯಮಗಳ 97ನೇ ನಿಯಮವು ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್ ಹುಲ್ಲುಗಾವಲು ಇರಬೇಕೆನ್ನುತ್ತದೆ. ನಿಮ್ಮೂರಿನಲ್ಲಿ 400 ದನಗಳಿದ್ದರೆ ಲೆಕ್ಕಕ್ಕೆ 48 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 118 ಎಕರೆ ಬೇಕು. ಸಾಗುವಳಿ ಚೀಟಿ, ನಿವೇಶನ, ಸ್ಮಶಾನ, ಒತ್ತುವರಿ ಎಂದು ಹೋಗಿ ಪಹಣಿಯಲ್ಲಿ ಉಳಿದಿರುವುದೆಷ್ಟು, ಸ್ಥಳದಲ್ಲಿ ಉಳಿದಿರುವುದೆಷ್ಟು ಎಂಬುದನ್ನು ಸರ್ವೆ ಮಾಡಿಸಿ ತಿಳಿಯದೆ ಆ ಗೋಮಾಳದಲ್ಲಿ ಯಾವ ಕಟ್ಟಡಕ್ಕೂ ಗೆರೆ ಎಳೆಯಬಾರದು. ಮಳೆ ಕೈಕೊಟ್ಟ ವರ್ಷ ಬೆಳಿಗ್ಗೆ ಸಂಜೆ ಡೇರಿಗೆ ಹಾಕುವ ಹಾಲಿನಿಂದಲೇ ಒಲೆ ಉರಿಯುವ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟಿವೆಯೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಜಮೀನಿಲ್ಲದೆ ಒಂದೆರಡು ಹಸು, ನಾಲ್ಕು ಕುರಿ ಇಟ್ಟುಕೊಂಡವರಿಗೆ ಆ ಗೋಮಾಳ ಬಿಟ್ಟು ಬೇರೆ ದಿಕ್ಕಿಲ್ಲ. ಜೈಲಿನ ಬದಲು ಕಾಲೇಜೇ ಬಂದರೂ ನಾನು ಇದನ್ನೇ ಹೇಳುತ್ತಿದ್ದೆ.

ಇದರ ಜೊತೆಗೆ ನೀರನ್ನೂ ಸೇರಿಸಿ. ಐನೂರು ಜನರ ಜೈಲು ಎಂದುಕೊಂಡು, ನಗರಗಳಿಗೆ ಲೆಕ್ಕ ಹಾಕುವಂತೆ ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೂ 67,500 ಲೀಟರ್ ಆಯಿತು, ಅಂದರೆ ಐದು ಸಾವಿರ ಲೀಟರಿನ ಹದಿಮೂರು ಹದಿನಾಲ್ಕು ಟ್ಯಾಂಕರ್. ವರ್ಷವಿಡೀ ಹರಿಯುವ ನದಿ ನಮಗಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬರುತ್ತಿರುವುದು ಅಂತರ್ಜಲಕ್ಕೆಂದೇ ಹೊರತು ಕುಡಿಯಲಿಕ್ಕಲ್ಲ. ನಿಮ್ಮೂರಿನ ಬೋರ್‌ವೆಲ್‌ಗಳ ಪಕ್ಕದಲ್ಲಿ ಇನ್ನೂ ಆಳವಾಗಿ ಕೊರೆದು ಅಷ್ಟು ನೀರೆತ್ತುವುದಾದರೆ, ಬಳಸಿದ ನೀರು ಯಾವ ರಾಜಕಾಲುವೆಗೆ ಬೀಳುತ್ತದೆ, ಅದು ಯಾವ ಕೆರೆಗೆ ಹೋಗುತ್ತದೆ ಎಂದು ನಕ್ಷೆ ಹಿಡಿದು ಕೇಳುವ ಹಕ್ಕು ಗ್ರಾಮಸಭೆಗಿದೆ.

ಹಾಗಾದರೆ ಎಲ್ಲಿ ಕಟ್ಟಬೇಕು? ಜಿಲ್ಲಾ ನ್ಯಾಯಾಲಯಕ್ಕೂ ಜಿಲ್ಲಾಸ್ಪತ್ರೆಗೂ ಹತ್ತಿರದಲ್ಲಿ, ನಗರದ ನೀರು, ಒಳಚರಂಡಿ, ಬಸ್ಸಿನ ಸೌಕರ್ಯ ಮುಟ್ಟುವಲ್ಲಿ ಇರುವ ಸರ್ಕಾರಿ ಜಾಗಗಳನ್ನು ಮೊದಲು ಪಟ್ಟಿ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಕೋಲಾರ ನಗರದವರು ಆಗ ನಿಮ್ಮಷ್ಟೇ ಗಟ್ಟಿಯಾಗಿ ಕೂಗುತ್ತಾರೆ. ಅವರ ಪತ್ರ ಬಂದರೆ ಅವರಿಗೂ ಈ ಉತ್ತರವನ್ನೇ ಕಳಿಸುತ್ತೇನೆ. ಎಷ್ಟು ದೊಡ್ಡ ಜೈಲು ಬೇಕೆಂಬುದನ್ನೂ ಇದೇ ಉಸಿರಿನಲ್ಲಿ ಕೇಳಬೇಕು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳನ್ನು ಬಿಟ್ಟು, ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಅದನ್ನು ಸರಿಯಾಗಿ ಪಾಲಿಸಿದರೆ ಕಟ್ಟಡವೂ ಚಿಕ್ಕದಾದೀತು, ಬೇಕಾಗುವ ಎಕರೆಯೂ ಇಳಿದೀತು.

‘ನಮ್ಮೂರಿಗೆ ಜೈಲು ಬೇಡ’ ಎಂಬ ತಲೆಬರಹದ ಲೇಖನವನ್ನು ಈ ಪತ್ರಿಕೆ ಪ್ರಕಟಿಸುವುದಿಲ್ಲ. ಆದರೆ ಗೋಮಾಳದ ಪಹಣಿ, ಗ್ರಾಮನಕ್ಷೆ, ಪಶುಪಾಲನಾ ಇಲಾಖೆಯಲ್ಲಿರುವ ನಿಮ್ಮೂರಿನ ಜಾನುವಾರು ಗಣತಿ, ಗ್ರಾಮಸಭೆಯ ನಡವಳಿಯ ಪ್ರತಿ ಇಷ್ಟನ್ನು ನೀವು ಕಳಿಸಿಕೊಟ್ಟರೆ ಲೆಕ್ಕಸಮೇತ ಮುಂದಿನ ಸಂಚಿಕೆಯಲ್ಲೇ ಬರೆಯುತ್ತೇವೆ. ಪ್ರತಿಗಳ ಮೇಲೆ ಗ್ರಾಮ ಆಡಳಿತಾಧಿಕಾರಿಯ ಮತ್ತು ಪಿಡಿಒ ಅವರ ಸಹಿ ಇರಲಿ.

— ಸಂಪಾದಕ