ವಿಡಿಯೊ ನೋಡಿದರೂ ಲೆಕ್ಕ ಬರುತ್ತಿಲ್ಲವೇ?

ಪ್ರಶ್ನೆ: ನಮ್ಮ ಪ್ರೌಢಶಾಲೆಗೆ ಸ್ಮಾರ್ಟ್ ಟಿವಿ ಬಂದಿದೆ. ಒಂಬತ್ತನೇ ತರಗತಿಗೆ ಶಂಕುವಿನ ಘನಫಲದ 18 ನಿಮಿಷದ ವಿಡಿಯೊ ತೋರಿಸಿದೆ. ಮಕ್ಕಳು ಗದ್ದಲವಿಲ್ಲದೆ ನೋಡಿದರು, ಮರುದಿನ ಲೆಕ್ಕ ಕೊಟ್ಟರೆ ಒಬ್ಬರಿಗೂ ಬರಲಿಲ್ಲ. ಏನು ಮಾಡಲಿ?
– ಗಣಿತ ಶಿಕ್ಷಕಿ, ಸಿಂದಗಿ

ಉತ್ತರ: ವಿಡಿಯೊ ಒಂದೇ ಸಮನೆ ಓಡಿದರೆ ಯೋಚನೆಯ ಕೆಲಸವನ್ನೆಲ್ಲ ಅದೇ ಮಾಡಿ ಮುಗಿಸುತ್ತದೆ. ಆ 18 ನಿಮಿಷದಲ್ಲಿ ನಿಮಗೆ ಬೇಕಾದದ್ದು ಶಂಕುವಿನಿಂದ ಸಿಲಿಂಡರಿಗೆ ನೀರು ಸುರಿಯುವ ಭಾಗ ಮಾತ್ರ. ಅದು ಎಲ್ಲಿ ಬರುತ್ತದೆಂದು ಹಿಂದಿನ ದಿನವೇ ಗುರುತು ಮಾಡಿಕೊಳ್ಳಿ.

ನೀರು ಸುರಿಯುವ ಮುನ್ನವೇ ನಿಲ್ಲಿಸಿ. ಎಷ್ಟು ಸಲ ಸುರಿದರೆ ತುಂಬೀತು? ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಬಾಯಲ್ಲಿ ಹೇಳಿಸಿದರೆ ಮುಂದಿನ ಬೆಂಚಿನವರ ಉತ್ತರವೇ ಎಲ್ಲರದೂ ಆಗುತ್ತದೆ. ಎರಡು ಎಂದವರನ್ನು ದಡ್ಡರೆನ್ನಬೇಡಿ. ಪಕ್ಕದಿಂದ ನೋಡಿದರೆ ತ್ರಿಭುಜ ಆಯತದ ಅರ್ಧವೇ ತಾನೆ! ಮೂರನೇ ಸಲಕ್ಕೆ ತುಂಬಿದ್ದನ್ನು ತೋರಿಸಿ ಮತ್ತೆ ನಿಲ್ಲಿಸಿ. ಶಂಕುವನ್ನು ಅರ್ಧ ಎತ್ತರದಲ್ಲಿ ಅಡ್ಡ ಕೊಯ್ದರೆ ಆ ವೃತ್ತದ ತ್ರಿಜ್ಯ ಅರ್ಧ, ವಿಸ್ತೀರ್ಣ ಮಾತ್ರ ಕಾಲುಭಾಗ. ಇದನ್ನು ಅವರೇ ಲೆಕ್ಕ ಹಾಕಿ ಕಂಡುಕೊಂಡರೆ ಎರಡು ಯಾಕೆ ಸಾಲದೆಂದು ತಿಳಿಯುತ್ತದೆ.

ಎರಡು ಆಕೃತಿಗಳ ಪಾದವೂ ಎತ್ತರವೂ ಒಂದೇ ಇದ್ದರಷ್ಟೇ ಈ ಮೂರನೇ ಒಂದರ ಮಾತು ನಿಲ್ಲುತ್ತದೆ. ವಿಡಿಯೊ ಹೇಳದಿದ್ದರೆ ನೀವು ಹೇಳಿ.

ಆಮೇಲೆ ಟಿವಿ ಆರಿಸಿ ಲೆಕ್ಕಕ್ಕೆ ಇಳಿಸಿ. ತ್ರಿಜ್ಯ 7 ಸೆಂ.ಮೀ., ಎತ್ತರ 12 ಸೆಂ.ಮೀ. ಆದರೆ ಸಿಲಿಂಡರ್ 1848, ಶಂಕು 616 ಘನ ಸೆಂ.ಮೀ. ಎತ್ತರ ಹಾಗೇ ಇಟ್ಟು ತ್ರಿಜ್ಯವನ್ನು 3.5 ಮಾಡಿ. 308 ಎಂದು ಬರೆದವರಿಗೆ ತ್ರಿಜ್ಯದ ವರ್ಗ ಮರೆತಿದೆ, ಸರಿಯುತ್ತರ 154. ಮರುದಿನಕ್ಕೆ ಕಣದ ಜೋಳದ ರಾಶಿ ಕೊಡಿ: ಹಗ್ಗ ಸುತ್ತಿ ಅಳೆದ ಬುಡದ ಸುತ್ತಳತೆ 8.8 ಮೀಟರ್, ಎತ್ತರ 0.9 ಮೀಟರ್. ಮೊದಲು ತ್ರಿಜ್ಯ 1.4 ಎಂದು ಕಂಡುಹಿಡಿಯಬೇಕು, ಆಮೇಲೆ ಘನಫಲ 1.848 ಘನ ಮೀಟರ್. ವಿಡಿಯೊದಲ್ಲಿ ಇಲ್ಲದ ಹೆಜ್ಜೆ ಇದರಲ್ಲಿರುವುದರಿಂದ ಯಾರಿಗೆ ತಿಳಿದಿದೆ ಎಂಬುದು ಗೊತ್ತಾಗುತ್ತದೆ.

ಪ್ರಶ್ನೆ: ಒಳ್ಳೆಯ ವಿಡಿಯೊಗಳೆಲ್ಲ ಇಂಗ್ಲಿಷಿನಲ್ಲಿವೆ, ಶಾಲೆಯಲ್ಲಿ ನೆಟ್ ಕೂಡ ನಿಲ್ಲುವುದಿಲ್ಲ.
– ಶಿಕ್ಷಕರು, ಗೋಕಾಕ

ಉತ್ತರ: ಧ್ವನಿ ಬಂದ್ ಮಾಡಿ ನೀವೇ ಕನ್ನಡದಲ್ಲಿ ಹೇಳಿ, ನಿಲ್ಲಿಸಿ ಕೇಳುವುದಕ್ಕೂ ಅದೇ ಅನುಕೂಲ. ದೀಕ್ಷಾ ಆ್ಯಪ್‌ನ ಪಾಠಗಳನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಒಂದು ಎಚ್ಚರ: ಕೆಲವು ವಿಡಿಯೊಗಳಲ್ಲಿ ಪೈ ಬೆಲೆ 3.14 ಇರುತ್ತದೆ. ಹಾಗಾದರೆ ಮೇಲಿನ ಸಿಲಿಂಡರಿನ ಘನಫಲ 1846.32 ಬರುತ್ತದೆ, 22/7 ಹಾಕಿದ ಮಕ್ಕಳು ತಮ್ಮ 1848 ತಪ್ಪೆಂದು ಅಳಿಸಿಬಿಡುತ್ತಾರೆ. ಯಾವ ಬೆಲೆ ಎಂದು ಮೊದಲೇ ಬೋರ್ಡಿನ ಮೇಲೆ ಬರೆದಿಡಿ.