ಎರಡು ಇಂಚು ನೀರು, ಗ್ರಾಫೈಟ್ ಬುಷ್ಷು, ಪೇಟೆಂಟು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ಹೋದ ಆಗಸ್ಟಲ್ಲಿ ಅಡಿಕೆ ತೋಟಕ್ಕೆ ಬೋರ್ ಹೊಡ್ಸಿದ್ವಿ, 420 ಅಡಿ, ಆರೂವರೆ ಇಂಚಿನ ಬೋರು. ರಿಗ್ಗಿನವರು ಎರಡೂವರೆ ಇಂಚು ನೀರು ಅಂದ್ರು. ಈಗ ಏಪ್ರಿಲಲ್ಲಿ ನೀರು 60 ಅಡಿಗೆ ಸಿಗತ್ತೆ, ಪಂಪ್ 390 ಅಡಿಗೆ ಇಳ್ಸಿದೀವಿ, ಆದ್ರೂ ಇಪ್ಪತ್ತು ಇಪ್ಪತ್ತೈದು ನಿಮಿಷ ಧಾರಾಳ ಬಂದು ಆಮೇಲೆ ಗಾಳಿ ಹೊಡಿಯತ್ತೆ. ನಮಗೆ ಮೋಸ ಮಾಡಿದ್ರಾ? ಇನ್ನೊಂದು, ಮಗ ಡಿಪ್ಲೊಮಾ ಓದ್ತಿದಾನೆ, ವೈರಿಗೆ ಬಜರ್ ಕಟ್ಟಿ ಬೋರಿನ ನೀರಿನ ಮಟ್ಟ ಅಳಿಯೋ ಸಾಧನ ಮಾಡಿದಾನೆ, ಪೇಟೆಂಟ್ ಸಿಗತ್ತಾ?
– ಸಾಗರದ ಓದುಗರು

ಉತ್ತರ: ಮೋಸಾನೇ ಆಗಿರಬೇಕು ಅಂತೇನಿಲ್ಲ, ಆ ಇಂಚಿನ ಲೆಕ್ಕದಲ್ಲೇ ತೊಂದರೆ ಇದೆ. ಬಹಳ ಜನ ಅದನ್ನ ಪೈಪಿನ ಅಳತೆ ಅಂದ್ಕೊಂಡಿರ್ತಾರೆ. ಅದು ತಗಡಲ್ಲಿ ವಿ ಆಕಾರಕ್ಕೆ ಕತ್ತರಿಸಿದ ಕಚ್ಚಿನ ಮೇಲೆ ಹರಿಯೋ ನೀರಿನ ಎತ್ತರ. 90 ಡಿಗ್ರಿ ಕಚ್ಚಲ್ಲಿ ಒಂದು ಇಂಚು ಅಂದ್ರೆ ಗಂಟೆಗೆ ಸುಮಾರು 510 ಲೀಟರ್, ಎರಡು ಇಂಚು ಅಂದ್ರೆ ಅದರ ಡಬಲ್ ಅಲ್ಲ, ಹತ್ರ ಹತ್ರ 2,900 ಲೀಟರ್, ಎರಡೂವರೆ ಅಂದ್ರೆ 5,000, ಮೂರು ಅಂದ್ರೆ 8,000. ಅರ್ಧ ಇಂಚು ತಪ್ಪಿ ಓದಿದ್ರೆ ಎಷ್ಟು ಫರಕ್ ಬಂತು ನೋಡಿ. ನಮ್ಮ ತೋಟದ ಬೋರ್ ಹೊಡಿವಾಗ ನಾನೇ ಪಕ್ಕ ನಿಂತಿದ್ದೆ, ಕೆಂಪು ಕೆಸರು ನೀರು ತಗಡಿನ ಹತ್ರ ನೊರೆ ನೊರೆಯಾಗಿ ಕುಣೀತಿತ್ತು, ಹುಡುಗ ಸ್ಕೇಲ್ ಹಿಡಿದಿದ್ದು ಆ ನೊರೆಗೆ, ಕಂಪ್ರೆಸರ್ ಬುಸ್ ಅಂದಾಗ ಮೂರು, ತಣ್ಣಗಾದಾಗ ಒಂದು, ಕೊನೆಗೆ ಅವನು ಹೇಳಿದ್ದು ಎರಡೂವರೆ. ಸರಿಯಾಗಿ ಅಳೀಬೇಕಂದ್ರೆ ಕಚ್ಚಿನ ಬಾಯಲ್ಲಿ ಅಲ್ಲ, ಸ್ವಲ್ಪ ಹಿಂದೆ, ನೀರು ಸಮವಾಗಿ ನಿಂತ ಕಡೆ ಅಳೀಬೇಕು. ಅದೂ ಆಗಸ್ಟಲ್ಲಿ! ಮಳೆಗಾಲದಲ್ಲಿ ಜಂಬಿಟ್ಟಿಗೆ ಪದರ ನೀರು ಕುಡ್ಕೊಂಡು ಕೂತಿರತ್ತೆ, ಆಗಿನ ಅಳತೆ ನಂಬ್ಕೊಂಡು ಬೇಸಿಗೆಗೆ ತೋಟ ಲೆಕ್ಕ ಹಾಕೋಕಾಗಲ್ಲ.

ಇನ್ನು ನಿಮ್ಮ ಇಪ್ಪತ್ತು ನಿಮಿಷದ ಗುಟ್ಟು. ಆರೂವರೆ ಇಂಚಿನ ಬೋರಲ್ಲಿ ಒಂದು ಮೀಟರ್ ಉದ್ದಕ್ಕೆ 21 ಲೀಟರ್ ನೀರು ನಿಂತಿರತ್ತೆ. 60 ಅಡಿಯಿಂದ 390 ಅಡಿ ಅಂದ್ರೆ ನೂರು ಮೀಟರ್, ಅಂದ್ರೆ 2,100 ಲೀಟರ್. ಪಂಪ್ ನಿಮಿಷಕ್ಕೆ ನೂರು ಲೀಟರ್ ಎತ್ತತ್ತೆ ಅಂತ ಇಟ್ಕೊಳ್ಳಿ, ಇಪ್ಪತ್ತೊಂದು ನಿಮಿಷಕ್ಕೆ ಖಾಲಿ. ನೀವು ಎತ್ತುತಿರೋದು ತೂತಲ್ಲಿ ರಾತ್ರಿಯಿಡೀ ತುಂಬಿದ ನೀರು, ಸೆಲೆಯಿಂದ ಬರೋದು ಸ್ವಲ್ಪವೇ. ಅದೆಷ್ಟು ಅಂತ ನೀವೇ ಅಳೀಬೋದು. ಗಾಳಿ ಹೊಡಿಯೋಕೆ ಶುರುವಾದ ಕೂಡ್ಲೇ ಪಂಪ್ ನಿಲ್ಲಿಸಿ, ಪೈಪಲ್ಲಿದ್ದ ನೀರು ವಾಪಸ್ ಇಳಿದಿದ್ರೆ ಅದು ಇಳಿದು ಮುಗಿಯೋವರೆಗೂ ಕಾದು, ಆಮೇಲೆ ಹತ್ತು ನಿಮಿಷಕ್ಕೊಂದ್ಸಲ ಮಟ್ಟ ನೋಡಿ ನೋಟ್‌ಬುಕ್ಕಲ್ಲಿ ಟೈಮ್ ಸಮೇತ ಬರೀರಿ. ಹತ್ತು ನಿಮಿಷಕ್ಕೆ ನಾಲ್ಕು ಮೀಟರ್ ಏರಿದ್ರೆ 84 ಲೀಟರ್, ಗಂಟೆಗೆ ಸುಮಾರು 500, ಅಂದ್ರೆ ನಿಮ್ಮದು ಒಂದಿಂಚಿನ ಬೋರು. ಆಗ ಪಂಪ್ ಬದಲಾಯಿಸೋದು ದುಡ್ಡು ದಂಡ, ಟೈಮರ್ ಹಾಕಿ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಎತ್ತಿ ತೊಟ್ಟಿಗೆ ತುಂಬ್ಸಿ ಡ್ರಿಪ್ಪಿಗೆ ಬಿಡಿ. ಮಗನ ವೈರು ಬಜರ್ ಇಲ್ಲಿ ಚೆನ್ನಾಗಿ ಕೆಲಸ ಮಾಡತ್ತೆ, ಆದ್ರೆ ಬ್ಯಾಟರಿಯಲ್ಲೇ ನಡೀಬೇಕು, ಮನೆ ಕರೆಂಟ್ ಕೊಡ್ಲೇಬೇಡಿ. ಪಂಪಿನ ಪೈಪಿಗೆ ವೈರ್ ಸುತ್ತಿಕೊಳ್ಳದ ಹಾಗೆ ಪಕ್ಕಕ್ಕೊಂದು ಮುಕ್ಕಾಲು ಇಂಚಿನ ಪೈಪ್ ಇಳ್ಸಿ ಅದರೊಳಗೆ ಬಿಡಿ.

ಪೇಟೆಂಟ್ ವಿಷ್ಯ ಬೇಜಾರಾದ್ರೂ ನೇರವಾಗಿ ಹೇಳ್ತೀನಿ. ತುದಿ ನೀರಿಗೆ ತಾಗಿದಾಗ ಬಜರ್ ಕೂಗೋದು ಹಳೇ ವಿದ್ಯೆ, ಅಷ್ಟಕ್ಕೇ ಸಿಗಲ್ಲ. ಗೊತ್ತಿರೋ ಸಾಧನಗಳನ್ನ ಬರೀ ಪಕ್ಕಪಕ್ಕ ಜೋಡಿಸಿದ್ರೂ, ಅವು ತಮ್ಮ ಪಾಡಿಗೆ ಕೆಲಸ ಮಾಡ್ತಿದ್ರೆ, 1970ರ ಪೇಟೆಂಟ್ ಕಾಯ್ದೆ ಅದನ್ನ ಆವಿಷ್ಕಾರ ಅಂತ ಒಪ್ಪಲ್ಲ. ಆದ್ರೆ ಹುಡುಗನ್ನ ನಿಲ್ಲಿಸ್ಬೇಡಿ. ಬೋರಿನ ಗೋಡೆ ಒದ್ದೆಯಿದ್ದಾಗ ಮಟ್ಟ ಮುಟ್ಟೋ ಮುಂಚೇನೇ ಬಜರ್ ಕೂಗತ್ತಲ್ಲ, ಅದಕ್ಕೆ ಅವನೇನಾದ್ರೂ ಹೊಸ ಉಪಾಯ ಕಂಡುಹಿಡಿದಿದ್ರೆ ಅದು ಬೇರೆ ಮಾತು.

ಪ್ರಶ್ನೆ: ನಾನು ಭದ್ರಾವತಿ ಹತ್ರ ಸಣ್ಣ ಫೌಂಡ್ರಿ ನಡೆಸ್ತೀನಿ. ಕರಗಿದ ಅಲ್ಯುಮಿನಿಯಂಗೆ ಗ್ರಾಫೈಟ್ ಪುಡಿ ಹಾಕಿ ತಿರುವಿ ಎರಕ ಹೊಯ್ದು ಬೋರ್ ಪಂಪಿಗೆ ಬುಷ್ (ಶಾಫ್ಟ್ ಒಳಗೆ ತಿರುಗೋ ಬಳೆ) ಮಾಡಿದೀನಿ, ಆಯಿಲ್ ಇಲ್ದೇನೂ ನುಣುಪಾಗಿ ಓಡತ್ತೆ. ಯೂಟ್ಯೂಬಲ್ಲಿ ವಿಡಿಯೋನೂ ಹಾಕಿದೀನಿ. ಪೇಟೆಂಟ್ ತಗೋಬೋದಾ?

ಉತ್ತರ: ಅಯ್ಯೋ, ವಿಡಿಯೋ ಯಾಕೆ ಹಾಕಿದ್ರಿ ಮಾರಾಯ್ರೆ! ಅರ್ಜಿಗೆ ಮುಂಚೆ ಎಲ್ಲರ ಕಣ್ಣಿಗೂ ಬಿದ್ದಿದ್ದು ಆಮೇಲೆ 'ಹೊಸದು' ಅನ್ನಿಸ್ಕೊಳಲ್ಲ. ಆದ್ರೆ ವಿಡಿಯೋದಲ್ಲಿ ತೋರಿಸದೇ ಇರೋ ಸಂಗತಿ, ಪುಡಿ ಎಷ್ಟು ಸಣ್ಣದು, ಎಷ್ಟು ಬಿಸಿ ಮಾಡಿ ಹಾಕಿದ್ರಿ, ಎಷ್ಟು ಹೊತ್ತು ತಿರುವಿದ್ರಿ ಅನ್ನೋದು ಇನ್ನೂ ನಿಮ್ಮ ಹತ್ರಾನೇ ಇದ್ರೆ ಬಾಯಿ ಮುಚ್ಕೊಂಡಿರಿ.

ಅಲ್ಯುಮಿನಿಯಂಗೆ ಗ್ರಾಫೈಟ್ ಬೆರೆಸೋದು 1960ರ ದಶಕದ್ದೇ. ಪ್ರದೀಪ್ ರೋಹತ್ಗಿ ಅನ್ನೋ ವಿಜ್ಞಾನಿ ಅಮೆರಿಕದಲ್ಲಿ ಇಂಟರ್‌ನ್ಯಾಷನಲ್ ನಿಕ್ಕಲ್ ಕಂಪನಿಯಲ್ಲಿದ್ದಾಗ ಮಾಡಿದ್ರು, ಆಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲೂ (ಐಐಎಸ್‌ಸಿ) ಪಾಠ ಹೇಳಿದ್ರು. ಗ್ರಾಫೈಟ್ ಕರಗಿದ ಅಲ್ಯುಮಿನಿಯಂ ಜೊತೆ ಸೇರೋದೇ ಇಲ್ಲ, ಕೆಸುವಿನೆಲೆ ಮೇಲೆ ನೀರು ಬಿಟ್ಟ ಹಾಗೆ ಜಾರತ್ತೆ, ಮೇಲೆ ತೇಲತ್ತೆ. ಅದಕ್ಕೆ ಅವರು ಪುಡಿಗೆ ನಿಕ್ಕಲ್ ಲೇಪ ಕೊಟ್ಟು ಹಾಕಿದ್ರು. ನೀವು ಲೇಪ ಇಲ್ದೇನೇ ಹಿಡಿಸಿದ್ರೆ, ಹೇಗೆ ಹಿಡಿಸಿದ್ರಿ ಅನ್ನೋದೇ ನಿಮ್ಮ ಆಸ್ತಿ. ಬುಷ್ಷನ್ನ ಮಧ್ಯಕ್ಕೆ ಕೊಯ್ದು ಎಮರಿ ಕಾಗದದಲ್ಲಿ ಉಜ್ಜಿ ನೋಡಿ, ಕಪ್ಪು ಚುಕ್ಕೆ ಎಲ್ಲಾ ಕಡೆ ಸಮ ಇದ್ಯಾ, ಒಂದೇ ಕಡೆ ಗುಂಪು ಕಟ್ಟಿದ್ಯಾ ಅಂತ ಅಲ್ಲೇ ಗೊತ್ತಾಗತ್ತೆ.

ನನಗೆ ನಿಜವಾಗ್ಲೂ ಚಿಂತೆ ಇರೋದು ನೀರಿನ ಬಗ್ಗೆ. ಅಲ್ಯುಮಿನಿಯಂ ಗ್ರಾಫೈಟ್ ಎರಡೂ ಒಟ್ಟಿಗೆ ನೀರಲ್ಲಿ ಮುಳುಗಿದ್ರೆ ಬ್ಯಾಟರಿ ಸೆಲ್ಲಿನ ಹಾಗಾಗತ್ತೆ, ಗ್ರಾಫೈಟ್ ಉಳಿದು ಸುತ್ತಲಿನ ಅಲ್ಯುಮಿನಿಯಂ ತಿಂದುಹೋಗತ್ತೆ. ಒಣ ಜಾಗದಲ್ಲಿ ಚೆನ್ನಾಗಿ ಓಡಿದ ಬುಷ್ ಬೋರಲ್ಲಿ ಹಾಗೇ ಇರತ್ತೆ ಅನ್ನೋಕಾಗಲ್ಲ. ನಾಲ್ಕು ಬುಷ್ ತೂಕ ಮಾಡಿ ಬೋರಿನ ನೀರಲ್ಲೇ ಮೂರು ತಿಂಗಳು ಮುಳುಗ್ಸಿಡಿ, ಜೊತೆಗೆ ಬರೀ ಅಲ್ಯುಮಿನಿಯಂದೂ ಕಂಚಿಂದೂ ಒಂದೊಂದು ಇಡಿ, ಬಿಳಿ ಬೂಷ್ಟು ಕಟ್ಟತ್ತಾ ನೋಡಿ ಮತ್ತೆ ತೂಗಿ. ಅದು ಪಾಸಾದ್ರೆ ಮೊದಲು ತಾತ್ಕಾಲಿಕ ಅರ್ಜಿ ಹಾಕಿ, ಪೂರ್ತಿ ವಿವರ ಕೊಡೋಕೆ 12 ತಿಂಗಳು ಸಿಗತ್ತೆ. ನಮಗೆ ಚೆನ್ನೈ ಪೇಟೆಂಟ್ ಕಚೇರಿ, ಆನ್‌ಲೈನಲ್ಲೇ ಆಗತ್ತೆ, ಒಬ್ಬ ವ್ಯಕ್ತಿಗೆ ಅರ್ಜಿ ಶುಲ್ಕ 1,600 ರೂಪಾಯಿ, ಕಚೇರಿಯವರು ಅರ್ಜಿ ಪರೀಕ್ಷೆ ಮಾಡಲಿ ಅಂತ ಕೇಳ್ಕೊಳೋಕೆ ಬೇರೆ 4,000. ಸಿಕ್ಕಿದ್ರೆ ಅರ್ಜಿ ಹಾಕಿದ ದಿನದಿಂದ 20 ವರ್ಷ, ಆದ್ರೆ ಮೂರನೇ ವರ್ಷದಿಂದ ನವೀಕರಣ ಶುಲ್ಕ ಕಟ್ತಾ ಇರ್ಬೇಕು.

ಪ್ರಶ್ನೆ: ವಿಶ್ವೇಶ್ವರಯ್ಯನವರ ಹೆಸರಲ್ಲಿ ಪೇಟೆಂಟ್ ಇತ್ತು ಅಂತಾರೆ, ನಿಜನಾ?
– ಹೊಸನಗರದ ವಿದ್ಯಾರ್ಥಿನಿ

ಉತ್ತರ: ನಿಜ ಕಣಮ್ಮ, ಅಣೆಕಟ್ಟೆಯ ಸ್ವಯಂಚಾಲಿತ ಗೇಟಿಗೆ. ಭದ್ರಾವತಿ ಕಬ್ಬಿಣದ ಕಾರ್ಖಾನೆ ಕಟ್ಟೋಕೂ ಎಷ್ಟೋ ಮುಂಚೆ, ಪುಣೆ ಹತ್ರದ ಖಡಕ್‌ವಾಸ್ಲಾ ಅಣೆಕಟ್ಟೆಗೆ ಅವರ ಸ್ವಯಂಚಾಲಿತ ಗೇಟ್ ಹಾಕಿದ್ದು 1903ರಲ್ಲಿ. ನೀರು ಗೊತ್ತು ಮಾಡಿದ ಮಟ್ಟ ದಾಟಿದ ಕೂಡ್ಲೇ ಗೇಟು ತಾನಾಗೇ ತೆರ್ಕೊಳತ್ತೆ, ಪ್ರವಾಹ ಇಳಿದ ಮೇಲೆ ತಾನಾಗೇ ಮುಚ್ಕೊಳತ್ತೆ.