ದಾವಣಗೆರೆಯ ಥಿಯೇಟರ್‌ಗೆ ಬಂದಿರುವ ದೆವ್ವದ ಸಿನಿಮಾಗೆ 8 ವರ್ಷದ ಮಗನನ್ನು ಕರೆದುಕೊಂಡು ಹೋಗಬಹುದಾ?

ಮೊದಲು ಸಿನಿಮಾದ ಸೆನ್ಸಾರ್ ಸರ್ಟಿಫಿಕೇಟ್ ನೋಡಿ. ‘ಎ’ ಇದ್ದರೆ 18 ತುಂಬದವರನ್ನು ಒಳಗೆ ಬಿಡುವಂತೆಯೇ ಇಲ್ಲ, ನೀವು ಜೊತೆಗಿದ್ದರೂ. ಮಕ್ಕಳು ನೋಡಬಹುದಾ ಅಂತ ಹೆತ್ತವರೇ ಯೋಚಿಸಬೇಕಾದ ಸಿನಿಮಾಗೆ ‘ಯುಎ’ ಕೊಡುತ್ತಾರೆ; 2024ರಿಂದ ಅದರಲ್ಲೇ ವಯಸ್ಸಿನ ಪ್ರಕಾರ 7+, 13+, 16+ ಅಂತ ಮೂರು ಬಗೆ ಇವೆ. ಇವಕ್ಕೆ ಕಾನೂನಿನ ತಡೆ ಇಲ್ಲ, ನಿರ್ಧಾರ ನಿಮ್ಮದೇ. ಆದರೆ 13+ ಇದ್ದರೆ ಬೇಡ ಅನ್ನುತ್ತೇನೆ.

7+ ಇದ್ದರೂ ಟ್ರೇಲರ್ ಅನ್ನು ಮೊದಲು ನೀವೊಬ್ಬರೇ ಜೋರು ಸೌಂಡಿನಲ್ಲಿ ನೋಡಿ. ಚಿಕ್ಕ ಮಕ್ಕಳನ್ನು ಕಥೆಗಿಂತ ವಿಕಾರ ಮುಖ, ದಿಢೀರ್ ಸದ್ದೇ ಜಾಸ್ತಿ ಹೆದರಿಸುತ್ತವೆ. ‘ಅದು ಸುಮ್ನೆ ಮೇಕಪ್ಪು’ ಅಂತ ಗೊತ್ತಿದ್ದರೂ ಆ ಕ್ಷಣಕ್ಕೆ ಅದು ಕೆಲಸಕ್ಕೆ ಬರುವುದಿಲ್ಲ. ಕಣ್ಣು ಮುಚ್ಚಿಕೊಂಡರೂ ಸದ್ದು ಬಿಡಬೇಕಲ್ವಾ? ಮನೆಯಲ್ಲಾದರೆ ಲೈಟ್ ಹಾಕಿ, ಬೇಡವಾದಾಗ ನಿಲ್ಲಿಸಬಹುದು. ಥಿಯೇಟರೇ ಬೇಕಂದರೆ ಸೆಕೆಂಡ್ ಶೋ ಬಿಟ್ಟು ಮ್ಯಾಟ್ನಿಗೆ ಹೋಗಿ. ಮಂಡಕ್ಕಿ-ಮಿರ್ಚಿ ತಿಂದು ಮನೆ ಸೇರುವಷ್ಟರಲ್ಲಿ ಅರ್ಧ ಭಯ ಇಳಿದಿರುತ್ತದೆ.